ಸೊನ್ನೆ ಇಲ್ಲದ ಹಾಳೆಗಳು

ಮೇಘಾ, ಸಂಗಮೇಶ,

"ಅಜ್ಜಿ, ಮೂವತ್ತು ವರ್ಷ ನೌಕರಿ ಮಾಡಿದಿ, ಒಂದು ಕಥಿನೂ ಪೂರಾ ಹೇಳಂಗಿಲ್ಲಲ್ಲ" ಎಂದು ನೀವಿಬ್ಬರೂ ನನ್ನನ್ನು ಬಹಳ ಸಲ ಕೇಳಿದ್ದೀರಿ. ಲಸಿಕೆ ಹಾಕಿದ್ದು, ಹೆರಿಗೆ ಮಾಡಿಸಿದ್ದು, ಮಳೆಯಲ್ಲಿ ಕಾಲುವೆ ದಂಡೆ ಹಿಡಿದು ನಡೆದದ್ದು, ಇವನ್ನೆಲ್ಲ ಬಾಯಿಂದ ಹೇಳಿದ್ದೇನೆ. ಹೇಳದೆ ಉಳಿದದ್ದು ಒಂದೇ ಕೆಲಸ. ನಿವೃತ್ತಿಗೆ ಎರಡು ವರ್ಷ ಇರುವಾಗ ಮಾಡಿದ್ದು. ಗಂಡ ಹೆಂಡಿರ ನಡುವಿನ ಮಾತನ್ನು ಮನೆಮನೆಗೆ ಹೋಗಿ ಹೆಂಗಸರಿಂದ ಕೇಳಿ ಬರೆದುಕೊಳ್ಳುವ ಕೆಲಸ ಅದು. ಮೊಮ್ಮಕ್ಕಳ ಮುಖ ನೋಡಿಕೊಂಡು ಅದನ್ನು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಮೇಘಾ ಈ ವರ್ಷ ನರ್ಸಿಂಗ್ ಸೇರಿದ್ದಾಳೆ, ಸಂಗಮೇಶ ಆರೋಗ್ಯ ಇಲಾಖೆಯ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ನಾಳೆ ನಿಮ್ಮ ಕೈಗೂ ಇಂಥ ಹಾಳೆಗಳು ಬರುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರೂ ಒಟ್ಟಿಗೆ ಕೂತು ಓದಬೇಡಿ, ಬೇರೆ ಬೇರೆ ಓದಿ. ಹೆಂಗಸರ ಹೆಸರುಗಳನ್ನು ಬದಲಿಸಿದ್ದೇನೆ. ಹೆಸರು ಹೊರಗೆ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೆ. ನಿವೃತ್ತಿಯಾದರೂ ಆ ಮಾತಿಗೆ ನಿವೃತ್ತಿ ಇಲ್ಲ.

ನಾನು ಓದಿದ್ದು ಮಸ್ಕಿ ಹತ್ತಿರದ ನಮ್ಮೂರ ಶಾಲೆಯಲ್ಲಿ. ನಾಲ್ಕು ತರಗತಿಗೆ ಒಂದೇ ಕೋಣೆ, ಒಬ್ಬರೇ ಮಾಸ್ತರರು. ಎದ್ದು ನಿಂತು ಉತ್ತರ ಹೇಳು ಎಂದರೆ ನನಗೆ ಅಳು ಬರುತ್ತಿತ್ತು. ಗೊತ್ತಿದ್ದ ಉತ್ತರವನ್ನೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಮದುವೆಯಾಗಿ ಸಿಂಧನೂರಿಗೆ ಬಂದೆ. ನಿಮ್ಮ ಅಜ್ಜ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಅವರು ತೀರಿಕೊಂಡಾಗ ನಿಮ್ಮ ಅಮ್ಮನಿಗೆ ಮೂರು ವರ್ಷ. ಮನೆಯಲ್ಲಿ ಕೂತರೆ ಹೊಟ್ಟೆ ಕೇಳುವುದಿಲ್ಲವೆಂದು ನಮ್ಮ ಅತ್ತೆಯೇ ನನ್ನನ್ನು ಕರೆದುಕೊಂಡು ಹೋಗಿ ದಾದಿಯರ ತರಬೇತಿಗೆ ಸೇರಿಸಿದರು. ತರಬೇತಿ ಮುಗಿದ ಮೇಲೆ ಹಾಕಿದ್ದು ತುರ್ವಿಹಾಳದ ಕಡೆಗೆ.

ಮೊದಲ ತಿಂಗಳೇ ಒಂದು ತಪ್ಪು ಮಾಡಿದೆ. ಬಸುರಿಯರ ಪಟ್ಟಿ ಬರೆಯಲು ಒಂದು ಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಮಾವ ಕೂತಿದ್ದಾರೆ, ಪಕ್ಕದಲ್ಲಿ ಮೈದುನ. ನಾನು ರಿಜಿಸ್ಟರು ತೆರೆದು, ತಲೆ ಎತ್ತದೆ, ಅಲ್ಲಿಂದಲೇ ಒಳಗಿದ್ದ ಸೊಸೆಗೆ ಕಡೆಯ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿಬಿಟ್ಟೆ. ನಾಚಿಕೆಯವರು ಇಂಥ ತಪ್ಪನ್ನೇ ಮಾಡುತ್ತಾರೆ, ಬೇಗ ಮುಗಿದರೆ ಸಾಕೆಂದು. ಮಾವ ಎದ್ದು ಹೋದರು. ಸೊಸೆ ಆರು ತಿಂಗಳು ನನ್ನ ಮುಖ ನೋಡಲಿಲ್ಲ.

ನಮ್ಮ ಮೇಲ್ವಿಚಾರಕಿ ಶರಣಮ್ಮ ಎಂಬವರು. ನಾವೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದೆವು. ಸಂಗತಿ ತಿಳಿದ ದಿನ ನನ್ನನ್ನು ಕರೆದು ಕೂರಿಸಿಕೊಂಡರು.

"ನಾಚಿಕಿ ಬಿಡು ಅಂತ ನಿನಗ ಹೇಳಂಗಿಲ್ಲ ಬೇ. ಅದು ಹೋಗೂದಲ್ಲ, ಕೆಲಸಕ್ಕ ಹಚ್ಚು ಅದನ್ನ."

"ನಾಚಿಕಿ ಕೆಲಸಕ್ಕ ಹೆಂಗ ಹಚ್ಚೂದ್ರೀ ಅಕ್ಕಾರ?"

"ಆಕಿ ಕಾಳು ಹಸನ ಮಾಡಾಕತ್ತಿದ್ರ ನೀನೂ ಒಂದು ಮೊರ ಹಿಡಕೊಂಡು ಕೂಡು. ಕಣ್ಣು ಕಾಳಿನ ಮ್ಯಾಲ ಇರಲಿ, ಕಿವಿ ಆಕಿ ಕಡೆ ಇರಲಿ. ಮುಖ ನೋಡಿ ಕೇಳಿದ್ರ ಹೆಣ್ಮಕ್ಕಳು ಖರೇ ಹೇಳಂಗಿಲ್ಲ."

ಆ ಮಾತಿನಿಂದ ನನ್ನ ನೌಕರಿ ನಡೆಯಿತು. ಶೇಂಗಾ ಸುಲಿಯುತ್ತ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಕೌದಿ ಹೊಲಿಯುವವರ ಪಕ್ಕ ಸೂಜಿಗೆ ದಾರ ಪೋಣಿಸಿಕೊಡುತ್ತ ನಾನು ಕೇಳಿ ತಿಳಿದಷ್ಟನ್ನು ಮೇಜಿನ ಹಿಂದೆ ಕೂತವರು ಯಾರೂ ತಿಳಿದಿರಲಾರರು. ಕಡೆಗೆ ನನ್ನನ್ನು ತೊಂದರೆಗೆ ಸಿಕ್ಕಿಸಿದ್ದೂ ಅದೇ ಮಾತು.

ಒಂದು ವೈದ್ಯಕೀಯ ಕಾಲೇಜಿನವರು ಒಂದು ಪ್ರಶ್ನಾವಳಿ ತಂದರು. ಹೆಂಗಸರ ಲೈಂಗಿಕ ಆರೋಗ್ಯ ಮತ್ತು ಬದುಕಿನ ನೆಮ್ಮದಿಯ ಬಗ್ಗೆ ಬೇರೆ ದೇಶದಲ್ಲಿ ಬರೆದದ್ದು, ಕನ್ನಡಕ್ಕೆ ಮಾಡಿಸಿದ್ದರು. ಅದನ್ನು ನಡೆಸುತ್ತಿದ್ದವರು ಡಾಕ್ಟರ್ ವಿನುತಾ ಮೇಡಂ, ಮೈಸೂರಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಲಿಂಗಸುಗೂರಿನಲ್ಲಿ ಎರಡು ದಿನ ತರಬೇತಿ ಕೊಟ್ಟರು. ಅವರು ಹೇಳಿದ ಒಂದು ಮಾತು ನನಗೆ ಹಿಡಿಸಿತು. "ಇದು ಹೆಂಗಸರಿಗೆ ಪರೀಕ್ಷೆ ಅಲ್ಲ, ಈ ಹಾಳೆಗೇ ಪರೀಕ್ಷೆ. ಇಲ್ಲಿನವರಿಗೆ ಇದು ಅರ್ಥವಾಗುತ್ತಾ, ಇವತ್ತು ಹೇಳಿದ್ದನ್ನೇ ಎರಡು ವಾರ ಬಿಟ್ಟು ಕೇಳಿದರೂ ಹೇಳುತ್ತಾರಾ, ಅದನ್ನು ನೋಡಬೇಕು. ಆಮೇಲೆ ತಾನೇ ಆಸ್ಪತ್ರೆಯಲ್ಲಿ ಇದನ್ನಿಟ್ಟುಕೊಂಡು ಔಷಧಿ ಕೊಡೋದು."

ಹಾಳೆಯ ಕನ್ನಡ ಪುಸ್ತಕದ ಕನ್ನಡವಾಗಿತ್ತು. ಮೊದಲು ಕೆಲವು ಹೆಂಗಸರಿಗೆ ಓದಿ ಹೇಳಿ, ಇದರಲ್ಲಿ ಏನು ಕೇಳಿದೆ ಎಂದು ಅವರ ಮಾತಿನಲ್ಲೇ ಹೇಳಿಸಬೇಕಿತ್ತು. ತುರ್ವಿಹಾಳದ ಈರಮ್ಮ, ನನಗೆ ಹಳೆಯ ಪರಿಚಯದವಳು, ಮೊದಲ ಪ್ರಶ್ನೆಯನ್ನು ಪೂರ್ತಿ ಕೇಳಿ, "ಇದು ಗಂಡನ ಕೂಡ ಮಲಗೂದರ ಮಾತು ಹೌದಿಲ್ಲ? ಹಂಗಾರ ಹಂಗ ಕೇಳ್ರಿ. ಇಷ್ಟು ಸುತ್ತು ಹಾಕಿ ಹೋದ್ರ ಊರು ಬರೂದರಾಗ ಬಸ್ಸು ಕೆಡತೈತಿ" ಎಂದಳು. ಮೇಡಂ ಅದನ್ನು ಹಾಗೇ ಬರೆದುಕೊಂಡು ಹೋಗಿ ಪ್ರಶ್ನೆ ತಿದ್ದಿಸಿದರು. ಹೀಗೆ ಹಾಳೆ ನಮ್ಮ ಕಡೆಯ ಮಾತಿಗೆ ಬರಲು ಒಂದು ತಿಂಗಳು ಹಿಡಿಯಿತು.

ನಂತರ ನಿಜವಾದ ಸುತ್ತು ಶುರುವಾಯಿತು. ಲಿಂಗಸುಗೂರಿನ ಕಡೆ ಕಮಲಾ ಎಂಬ ಚುರುಕಾದ ದಾದಿ, ಸಿಂಧನೂರು ಮತ್ತು ಮಸ್ಕಿಯ ಕಡೆ ನಾನು. ಪ್ರಶ್ನೆ ಓದಬೇಕು. ಎಂದೂ ಇಲ್ಲ ಎಂದರೆ ಸೊನ್ನೆ, ಅಪರೂಪಕ್ಕೆ ಎಂದರೆ ಒಂದು, ಹೀಗೆ ಯಾವಾಗಲೂ ಎಂಬುದಕ್ಕೆ ನಾಲ್ಕು. ಹೆಂಗಸು ಬಾಯಿಬಿಟ್ಟು ಹೇಳಬೇಕು, ನಾವು ಗುರುತು ಹಾಕಬೇಕು.

ಮೊದಲನೆಯ ಮನೆಯಲ್ಲೇ ಸಿಕ್ಕಿಬಿದ್ದೆ. ಮನೆ ಎಂದರೆ ನಡುವೆ ಅರ್ಧ ಗೋಡೆ. ಆ ಕಡೆ ಅತ್ತೆ ರೊಟ್ಟಿ ಬಡಿಯುತ್ತಿದ್ದಾಳೆ. ಈ ಕಡೆ ಸೊಸೆ ಬಾಯಿ ತೆರೆದರೆ ರೊಟ್ಟಿಯ ಸಪ್ಪಳ ನಿಲ್ಲುತ್ತದೆ. ನನಗೂ ಪ್ರಶ್ನೆ ಮೆಲ್ಲಗೆ ಓದುವುದೇ ಕಷ್ಟ, ಉತ್ತರ ಕೇಳುವುದು ಇನ್ನೂ ಕಷ್ಟ. ಆಗ ದೊಡ್ಡಕ್ಕನ ಮಾತು ನೆನಪಾಯಿತು. ನನ್ನ ಚೀಲದಲ್ಲಿ ಊಟದ ಬಟ್ಟಲಿತ್ತು. ನನ್ನ ಮದುವೆಗೆ ಮುಯ್ಯಿ ಬಂದದ್ದು, ಅಂಚಿನಲ್ಲಿ ನೀಲಮ್ಮ ಎಂದು ನನ್ನ ಹೆಸರು ಕೊರೆದ ಸ್ಟೀಲ್ ಬಟ್ಟಲು. ಅದನ್ನು ಅವಳ ಮುಂದಿಟ್ಟೆ. ಅವಳ ಮಡಿಲಿಗೆ ಒಂದು ಹಿಡಿ ಕಡಲೆ ಕಾಳು ಹಾಕಿದೆ. "ನಾ ಗ್ವಾಡಿ ಕಡೆ ತಿರುಗಿ ಕೂಡತೀನಿ. ನೀ ಬಾಯಿ ಬಿಡಬ್ಯಾಡ. ಎಂದೂ ಇಲ್ಲ ಅಂದ್ರ ಏನೂ ಹಾಕಬ್ಯಾಡ. ಇದ್ರ, ನಾಲ್ಕರ ತನಕ ಎಷ್ಟು ಅನಸ್ತೈತಿ ಅಷ್ಟು ಕಾಳು ಹಾಕಿ ಬಟ್ಲ ಕೊಡು" ಎಂದೆ.

ಬೆನ್ನ ಹಿಂದೆ ಕಾಳು ಬಿದ್ದ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಒಂದು. ತಡೆದು ಇನ್ನೊಂದು. ಕೆಲವರು ಹಾಕಿದ್ದನ್ನು ತೆಗೆದು, ಮತ್ತೆ ಹಾಕುತ್ತಿದ್ದರು. ತಾಯಿಗೂ ಹೇಳದ್ದು ಆ ಬಟ್ಟಲಿಗೆ ಬರುತ್ತಿತ್ತು. ಬಂಗಾಳಿ ಮಾತಾಡುವ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮನೆಗಳಲ್ಲೂ, ನನ್ನ ಕನ್ನಡ ಅರ್ಧ ತಿಳಿದರೂ, ಬಟ್ಟಲು ಪೂರಾ ತಿಳಿಯಿತು. ದಢೇಸುಗೂರಿನಲ್ಲಿ ಶಾಂತಾ ಎಂಬ ಹುಡುಗಿ ಇದ್ದಳು. ಮದುವೆಯಾಗಿ ನಾಲ್ಕು ವರ್ಷ, ಗದ್ದೆಯ ಮನೆತನ, ಮಾತೇ ಇಲ್ಲದವಳು. ಮನಸ್ಸಿಲ್ಲದ ದಿನ ಗಂಡನಿಗೆ ಬೇಡ ಎನ್ನಲು ನಿಮಗೆ ಆಗುತ್ತದೆಯೇ ಎಂಬ ಪ್ರಶ್ನೆಗೆ ಒಂದು ಕಾಳು ಹಾಕಿದಳು. ಅಪರೂಪಕ್ಕಾದರೂ ಅನ್ನುತ್ತಾಳಲ್ಲ ಎಂದು ನನಗೆ ಆ ದಿನ ಸಮಾಧಾನವಾಯಿತು.

ಬಟ್ಟಲಿನ ಸಂಗತಿ ಮೇಡಂಗೆ ಹೇಳಲಿಲ್ಲ. ಹೇಳಲು ಧೈರ್ಯ ಬರಲಿಲ್ಲ ಎಂಬುದೇ ಸರಿಯಾದ ಮಾತು. ನಿಮಗೆ ಹೇಳುತ್ತಿದ್ದೇನೆ, ಕೆಲಸದ ರೀತಿಯನ್ನು ಬದಲಿಸಿದರೆ ಅದೇ ದಿನ ಮೇಲಿನವರಿಗೆ ಹೇಳಿಬಿಡಿ.

ಅರವತ್ತಕ್ಕೂ ಹೆಚ್ಚು ಮನೆ ಮುಗಿದಿದ್ದವು. ಒಂದು ಶುಕ್ರವಾರ ಮೇಡಂ ಲಿಂಗಸುಗೂರಿಗೆ ಕರೆಸಿದರು. ಮೇಜಿನ ಮೇಲೆ ಒಂದು ಕಡೆ ಕಮಲಾಳ ಹಾಳೆ, ಇನ್ನೊಂದು ಕಡೆ ನನ್ನವು.

"ನೀಲಮ್ಮ, ಇದನ್ನ ಸ್ವಲ್ಪ ನೋಡಿ. ಕಮಲಾ ಅವರದ್ದರಲ್ಲಿ ಪುಟಕ್ಕೆ ಮೂರು ನಾಲ್ಕು ಸೊನ್ನೆ ಇವೆ. ನಿಮ್ಮ ಇಷ್ಟೂ ಹಾಳೆಯಲ್ಲಿ ಒಂದೂ ಇಲ್ಲ."

ನಾನು ನೋಡಿದೆ. ಇರಲಿಲ್ಲ.

"ಇಷ್ಟು ಜನರಲ್ಲಿ ಒಬ್ಬರೂ ಯಾವ ಪ್ರಶ್ನೆಗೂ ಇಲ್ಲ ಅನ್ನಲಿಲ್ವಾ? ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು. ಮನೇಲಿ ಕೂತು ತುಂಬಿದ್ರಾ?"

"ಇಲ್ರೀ ಮೇಡಂ."

"ಮತ್ತೆ ಹೇಗೆ?"

ಬಟ್ಟಲಿನಿಂದ ಸೊನ್ನೆ ಯಾಕೆ ಬರಲಿಲ್ಲವೆಂದು ನನಗೇ ಗೊತ್ತಿರಲಿಲ್ಲ. ನಾಲ್ಕು ತರಗತಿಯ ಆ ಕೋಣೆಯಲ್ಲಿ ಎದ್ದು ನಿಂತಂತಾಯಿತು. ಅಲ್ಲಾದರೂ ಪಾಟಿಯ ಮೇಲೆ ಬರೆಯಲು ಉತ್ತರವಿತ್ತು. ಸೋಮವಾರದೊಳಗೆ ಕಾರಣ ಹೇಳಬೇಕು, ಇಲ್ಲದಿದ್ದರೆ ಈ ಹಾಳೆಗಳನ್ನು ಕೈಬಿಟ್ಟು ಮೇಲಕ್ಕೆ ಬರೆಯಬೇಕಾಗುತ್ತದೆ ಎಂದರು. ಅವರ ತಪ್ಪಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟು ಕೂತೆ. ಮಸ್ಕಿ ಬಂದದ್ದು, ಹೋದದ್ದು ತಿಳಿಯಲಿಲ್ಲ. ಕಳ್ಳಿ ಎನ್ನಿಸಿಕೊಂಡು ನಿವೃತ್ತಿಯಾಗುವುದು ಒಂದು ಸಂಕಟ. ಅದಕ್ಕಿಂತ ದೊಡ್ಡದು ಇನ್ನೊಂದು. ಅತ್ತೆ ಗೋಡೆಯಾಚೆ ಇರುವಾಗ ಉಸಿರು ಹಿಡಿದು ಕಾಳು ಹಾಕಿದ ಅಷ್ಟು ಹೆಂಗಸರ ಮಾತು ಸುಳ್ಳೆಂದು ಹರಿದುಹೋಗುತ್ತದಲ್ಲ ಎಂಬುದು.

ಭಾನುವಾರ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ವಾರದ ಹಿಂದೆ ಈರಮ್ಮನ ಹಾಳೆಯನ್ನೂ ತುಂಬಿಸಿ ಹೊರಟಾಗ ಅವಳು ಮೊಸರು ಹಾಕಿ ಕೊಟ್ಟಿದ್ದ ಹಿತ್ತಾಳೆ ಗಿಂಡಿ ಅದರಲ್ಲಿತ್ತು. ಒರೆಸಿದೆ, ಕೊಟ್ಟು ಬರಬೇಕೆಂದು ಚೀಲಕ್ಕಿಡಲು ಹೋದೆ. ಇಡುವ ಮೊದಲು ನನ್ನ ಕೈ ತಾನಾಗಿ ಸಕ್ಕರೆ ಡಬ್ಬಿಗೆ ಹೋಗಿ ಒಂದು ಚಿಟಿಕೆ ತಂದು ಗಿಂಡಿಗೆ ಹಾಕಿತು. ಹಾಕಿದ ಮೇಲೆ ಕೈ ನೋಡಿದೆ. ಅಲ್ಲೇ ಒಲೆಯ ಮುಂದೆ ಕೂತುಬಿಟ್ಟೆ.

ಒಬ್ಬರ ಮನೆಯ ಪಾತ್ರೆಯನ್ನು ನಾವು ಖಾಲಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳವಾದರೂ ಹಾಕುತ್ತೇವೆ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ, ಯೋಚಿಸಿ ಮಾಡುವುದೂ ಅಲ್ಲ. ನಾನು ನನ್ನ ಹೆಸರು ಕೊರೆದ ಬಟ್ಟಲನ್ನು ಕೊಟ್ಟು, ಏನೂ ಇಲ್ಲದಿದ್ದರೆ ಖಾಲಿ ಕೊಡು ಎಂದಿದ್ದೆ.

ಮೊದಲ ಬಸ್ಸಿಗೇ ತುರ್ವಿಹಾಳಕ್ಕೆ ಹೋದೆ. ಈರಮ್ಮ ಅಂಗಳದಲ್ಲಿ ನೀರು ಚಿಮುಕಿಸುತ್ತಿದ್ದಳು.

"ಈರಮ್ಮ, ಹೋದ ಸಲ ಕಾಳು ಹಾಕಿದ್ದಿಯಲ್ಲ, ಏನೂ ಇಲ್ಲದ್ದಕ್ಕ ಎಷ್ಟು ಹಾಕಿದ್ದಿ?"

"ಒಂದು ಹಾಕಿದ್ದೆ."

"ಏನೂ ಹಾಕಬ್ಯಾಡ ಅಂದಿದ್ದೆ ನಾ."

"ನೀವು ಅಂತೀರಿ. ಖಾಲಿ ಬಟ್ಲ ಕೈಯಾಗ ಕೊಟ್ಟು ಕಳಸಾಕ ನಾವೇನು ಮನಿಷ್ಯಾರಲ್ಲನು?" ಗಿಂಡಿಯೊಳಗೆ ಇಣುಕಿ ನೋಡಿದಳು. "ನೀವು ಸಕ್ಕರಿ ಯಾಕ ಹಾಕಿ ತಂದೀರಿ ಮತ್ತ?" ದನಿ ಇಳಿಸಿ, "ಅದರಾಗ ನೀವು ಮೊದಲೇ ಗಂಡನ್ನ ಕಳಕೊಂಡಾಕಿ. ನಿಮ್ಮ ಬಟ್ಲ ಖಾಲಿ ಕಳಸಾಕ ಯಾವಾಕಿ ಕೈ ಬರ್ತೈತ್ರಿ ಅಕ್ಕಾರ?" ಎಂದಳು.

ಆಮೇಲೆ ಅವಳಿಗೇ ನಗು ಬಂತು. "ಆ ಒಂದು ಕಾಳನ್ನೂ ಬರಕೊಂಡ್ರ್ಯಾ? ಹುಚ್ಚು ನರ್ಸಮ್ಮ."

ಮಕ್ಕಳೇ, ಮುತ್ತೈದೆಯರ ಸಾಲಿನಲ್ಲಿ ನನ್ನನ್ನು ಬಿಟ್ಟು ಕುಂಕುಮ ಹಂಚಿದ ಮನೆಗಳವು. ಅದಕ್ಕೆ ನಾನು ಎಂದೋ ಒಗ್ಗಿದ್ದೆ. ಅದೇ ಮನೆಗಳಲ್ಲಿ ಹೆಂಗಸರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ನನಗಾಗಿ ಒಂದೊಂದು ಕಾಳು ಹಾಕಿದ್ದರು. ಆ ಕಾಳೇ ನನ್ನ ಹೆಸರಿಗೆ ಕುತ್ತು ತಂದಿತ್ತು.

ಸೋಮವಾರ ಮೇಡಂ ಮುಂದೆ ಎಲ್ಲ ಹೇಳಿದೆ. ಬಟ್ಟಲನ್ನೂ ತೋರಿಸಿದೆ. ಅಷ್ಟು ಉದ್ದ ಮಾತನ್ನು ನಾನು ನೌಕರಿಯಲ್ಲೇ ಆಡಿರಲಿಲ್ಲ. ಅವರು ಬಟ್ಟಲನ್ನು ತಿರುಗಿಸಿ ನನ್ನ ಹೆಸರು ಓದಿದರು. "ಹೇಳದೆ ವಿಧಾನ ಬದಲಿಸಿದ್ದು ತಪ್ಪು" ಎಂದರು. ಹೌದು ಎಂದೆ. "ಕಾರಣ ಕಥೆಯ ಹಾಗಿದೆ" ಎಂದರು. ಅದಕ್ಕೂ ಹೌದು ಎಂದೆ. ಆಮೇಲೆ, "ನಾಳೆ ನಾನೂ ಬರ್ತೀನಿ, ನೋಡೋಣ" ಎಂದರು.

ಮರುದಿನ ದಢೇಸುಗೂರಿನ ಶಾಂತಾಳ ಮನೆಗೆ ಹೋದೆವು. ಮೇಡಂ ತಾವು ಯಾರೆಂದು ಹೇಳಿ, ಕೂತಿರಬಹುದೇ ಎಂದು ಅವಳನ್ನೇ ಕೇಳಿದರು. ಅವಳು ತಲೆ ಆಡಿಸಿದಳು. ನಾನು ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಮಾಡಿಕೊಂಡಿದ್ದೆ. ಬಟ್ಟಲಿಗೆ ಮೊದಲು ನಾನೇ ಒಂದು ಹುಣಸೆ ಬೀಜ ಹಾಕಿದೆ.

"ಶಾಂತಾ, ಇದು ನಂದು. ಇನ್ನ ಬಟ್ಲ ಖಾಲಿ ಅಲ್ಲ. ನನ್ನ ಸಲುವಾಗಿ ಏನೂ ಹಾಕೂದು ಬ್ಯಾಡ. ನಿಂದು ಎಷ್ಟೈತಿ ಅಷ್ಟ ಹಾಕು. ಇಲ್ಲಂದ್ರ ಹಂಗ ಕೊಡು."

ನಾನು ಗೋಡೆಗೆ ತಿರುಗಿ ಕೂತೆ. ಪಕ್ಕದಲ್ಲಿ ಮೇಡಂ ಕೂಡ ತಿರುಗಿದರು. ನೋವಿನ ಪ್ರಶ್ನೆ ಓದಿದೆ. ಕಾಳಿನ ಸಪ್ಪಳ ಬರಲಿಲ್ಲ. ಬಟ್ಟಲು ಕೈಗೆ ಬಂತು, ಹುಣಸೆ ಬೀಜ ಮಾತ್ರ ಇತ್ತು. ನೋವಿಲ್ಲ ಎಂದರ್ಥ. ನನ್ನ ಹಾಳೆಯ ಮೇಲೆ ಮೊದಲ ಸೊನ್ನೆ ಬರೆದೆ. ಮುಂದಿನದಕ್ಕೆ ಎರಡು ಕಾಳು, ಅದರ ಮುಂದಿನದಕ್ಕೆ ಮೂರು. ನನ್ನ ಎದೆ ಹಗುರಾಗುತ್ತ ಬಂತು.

ಆಮೇಲೆ ಆ ಪ್ರಶ್ನೆ ಬಂತು. ಮನಸ್ಸಿಲ್ಲದ ದಿನ ಬೇಡ ಎನ್ನಲು ಆಗುತ್ತದೆಯೇ. ಓದಿದೆ. ಹೊರಗೆ ಯಾರೋ ಎತ್ತಿಗೆ ನೀರು ಕುಡಿಸುವ ಸಪ್ಪಳ. ಒಳಗೆ ಏನೂ ಇಲ್ಲ. ಬಹಳ ಹೊತ್ತಾದ ಮೇಲೆ ಬಟ್ಟಲು ನನ್ನ ಕೈಗೆ ತಾಗಿತು. ಹುಣಸೆ ಬೀಜ ಒಂದೇ ಇತ್ತು.

ನಾನು ತಿರುಗಿ ನೋಡಿದೆ, ನೋಡಬಾರದಿತ್ತು. ಶಾಂತಾ ಮಡಿಲಿನ ಕಾಳುಗಳನ್ನು ಒಂದು ಕಡೆ ಕೂಡಿಸುತ್ತಿದ್ದಳು.

"ಹೋದ ಸಲ ಒಂದು ಹಾಕಿದ್ದಿಯಲ್ಲವ್ವ" ಎಂದೆ.

"ನಿಮಗ ಬ್ಯಾಸರ ಆಗಬಾರದಂತ ಹಾಕಿದ್ದೆರೀ."

ಹೊರಡುವ ಮುಂಚೆ ಮೇಡಂ ಶಾಂತಾಳ ಪಕ್ಕದಲ್ಲಿ ಕೂತು, ತಮ್ಮ ಆಸ್ಪತ್ರೆಯಲ್ಲಿ ಗುರುವಾರ ಹೆಂಗಸರೊಂದಿಗೆ ಮಾತಾಡಲೆಂದೇ ಒಬ್ಬರು ಕೂರುತ್ತಾರೆ, ಯಾವ ನೆಪಕ್ಕಾದರೂ ಬಾ ಎಂದು ಮೆಲ್ಲಗೆ ಹೇಳಿದರು. ಅವಳು ಒಂದು ಗುರುವಾರ ಹಲ್ಲುನೋವಿನ ನೆಪದಲ್ಲಿ ಹೋದಳೆಂದು ನಂತರ ತಿಳಿಯಿತು. ಮುಂದಿನದು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುತ್ತಿರಲಿಲ್ಲ.

ಹಳೆಯ ಹಾಳೆಗಳಲ್ಲಿ ಯಾವ ಒಂದು ನಿಜವಾದ ಒಂದು, ಯಾವ ಒಂದು ಮರ್ಯಾದೆಯ ಒಂದು ಎಂದು ತಿಳಿಯುವ ದಾರಿ ಇರಲಿಲ್ಲ. ಅಷ್ಟೂ ಮನೆಗಳಿಗೆ ಮತ್ತೆ ನಡೆದೆ. ಮೇಲಕ್ಕೆ ಬರೆಯುವ ಮಾತನ್ನು ಮೇಡಂ ಎತ್ತಲಿಲ್ಲ. ಎರಡು ವಾರ ಬಿಟ್ಟು ಮೂರನೆಯ ಸಲ ಹೋದಾಗ ಕ್ಯಾಂಪಿನ ಹತ್ತಿರದ ಒಬ್ಬಳು, "ಮತ್ತ ಬಂದ್ರ್ಯಾ? ನಮ್ಮಾಂವ ಅಂವನ ಅದಾನ, ಬದಲಾಗಿಲ್ರೀ" ಎಂದು ಬಾಗಿಲಲ್ಲೇ ನಗಿಸಿದಳು. ಹೆಂಗಸರ ಇನ್ನೊಂದು ಗುಂಪಿನ ಎರಡನೆಯ ಸುತ್ತು ಶ್ರಾವಣದಲ್ಲಿ ಬೀಳುತ್ತಿತ್ತು. ಆ ತಿಂಗಳು ಶಿವನ ವ್ರತ ಹಿಡಿದ ಮನೆಗಳಲ್ಲಿ ಗಂಡ ಹೆಂಡಿರ ಹಾಸಿಗೆ ಬೇರೆ, ಆಗ ಕೇಳಿದರೆ ಹಾಳೆ ಕೆಡುತ್ತದೆ ಎಂದು ಮೇಡಂ ಕರೆದ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದೆ. ದಿನಾಂಕ ಬದಲಾಯಿತು. ಎದ್ದು ನಿಂತು ಹೇಳಿದ್ದು ನನಗೆ ನೆನಪಿದೆ, ಅದಕ್ಕೇ ಬರೆದೆ.

ಮೇಡಂ ಆ ಬಟ್ಟಲನ್ನು ತಮ್ಮ ಕಾಲೇಜಿನವರಿಗೆ ತೋರಿಸಬೇಕೆಂದು ಒಯ್ದಿದ್ದರು. ತಿಂಗಳ ಮೇಲೆ ಒಂದು ಮಧ್ಯಾಹ್ನ ತಂದುಕೊಟ್ಟರು. ಮುಚ್ಚಿದ ಕಾಗದ ತೆಗೆದು ನೋಡಿದರೆ ಒಳಗೆ ಒಂದು ಅಚ್ಚು ಬೆಲ್ಲ. ಅವರ ಕಡೆಯೂ ಈ ಪದ್ಧತಿ ಇದೆಯೋ, ನಮ್ಮಿಂದ ಕಲಿತರೋ, ನಾನು ಕೇಳಲಿಲ್ಲ. ಅವರೂ ಶುಕ್ರವಾರದ ಮಾತನ್ನು ತೆಗೆಯಲಿಲ್ಲ.

ಈಗ ಕೇಳಲು ಹೋಗುವ ಹುಡುಗಿಯರ ಕೈಯಲ್ಲಿ ಟ್ಯಾಬ್ ಇದೆ. ಹೆಂಗಸರೇ ಚಿತ್ರ ಒತ್ತುತ್ತಾರೆ, ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಪ್ರಶ್ನೆ ಕೇಳುತ್ತಾರೆ. ಒಳ್ಳೆಯದೇ. ಬಟ್ಟಲು ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ಮೇಘಾ, ಎಲ್ಲರೂ ಒಂದೇ ರೀತಿ ಉತ್ತರ ಕೊಟ್ಟರೆ ಅವರನ್ನು ಸಂಶಯಪಡುವ ಮೊದಲು ನಿನ್ನ ಕೈಯನ್ನು ನೋಡಿಕೋ.

ಇನ್ನೊಂದೇ ಸಂಗತಿ. ತರಬೇತಿಯ ದಿನ ಕೇಳುವವರೂ ಒಮ್ಮೆ ಹಾಳೆ ತುಂಬಬೇಕಿತ್ತು. ನಾನು ಮೇಲಿನಿಂದ ಕೆಳಗಿನವರೆಗೆ ಅನ್ವಯಿಸುವುದಿಲ್ಲ ಎಂದು ಗೆರೆ ಎಳೆದುಕೊಟ್ಟಿದ್ದೆ. ಮಸ್ಕಿಯಲ್ಲಿ ಗೌರಮ್ಮ ಎಂಬ ಹಿರಿಯಳೊಬ್ಬಳು ತನ್ನ ಕಾಳೆಲ್ಲ ಹಾಕಿ ಮುಗಿಸಿ, "ನಿನ್ನ ಬಟ್ಲದಾಗ ಎಷ್ಟವ್ವ?" ಎಂದು ಕೇಳಿದಳು. ಗಂಡ ಇಲ್ಲದವಳಿಗೆ ಈ ಹಾಳೆ ಇಲ್ಲ ಎಂದೆ. "ಕಡೀ ಪ್ರಶ್ನಿ ಓದು ಮತ್ತೊಮ್ಮಿ" ಎಂದಳು. ಒಟ್ಟಿನಲ್ಲಿ ನಿಮ್ಮ ಬದುಕು ನಿಮಗೆ ನೆಮ್ಮದಿ ಕೊಟ್ಟಿದೆಯೇ ಎಂದಿತ್ತು. "ಅದರಾಗ ಗಂಡನ ಹೆಸರು ಎಲ್ಲೈತಿ? ಅದು ನಿನಗೂ ಐತಿ" ಎಂದು ಅವಳು ತನ್ನ ಮಡಿಲಲ್ಲಿ ಉಳಿದ ಕಾಳನ್ನು ನನ್ನ ಮಡಿಲಿಗೆ ಸುರಿದು, ತಾನೇ ಗೋಡೆಗೆ ತಿರುಗಿ ಕೂತಳು. ನಾನು ಹಾಕಿದೆ. ಎಷ್ಟೆಂದು ಅವಳು ನೋಡಲಿಲ್ಲ.

ನಿಮಗೆ ಬರೆದ ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ, ಕೌದಿಯ ಮಡಿಕೆಯೊಳಗೆ ಇಟ್ಟಿದ್ದೇನೆ. ನೀರು, ಗೆದ್ದಲು ತಾಗದಂತೆ ನೋಡಿಕೊಳ್ಳಿ, ಹೊರಗಿನವರ ಕೈಗೆ ಕೊಡಬೇಡಿ. ಮೇಲೆ ಭಾರಕ್ಕೆ ಆ ಬಟ್ಟಲನ್ನು ಇಟ್ಟಿದ್ದೇನೆ. ಅದರಲ್ಲಿ ಒಂದು ಹುಣಸೆ ಬೀಜವಿದೆ, ಅಂದು ಗೌರಮ್ಮನ ಬೆನ್ನ ಹಿಂದೆ ನಾನು ಹಾಕಿದಷ್ಟೇ ಕಡಲೆ ಕಾಳುಗಳಿವೆ. ಎಣಿಸಬಹುದು. ಅವುಗಳಲ್ಲಿ ನಿಮಗೆ ಬೇಸರವಾಗಬಾರದೆಂದು ಹಾಕಿದ್ದು ಒಂದೂ ಇಲ್ಲ.